ಚಂದ್ರನಲ್ಲಿ ನಾನು 12 ಕೆಜಿ, ಕಾಲ್ಬೆರಳು ಮಾತ್ರ ಇಲ್ಲೇ ಜಜ್ಜಿತು

ನಮಸ್ಕಾರ. ಹೌದು, ಕುಂಟುತ್ತಿದ್ದೇನೆ. ಯಾಕೆ ಅಂತ ಇನ್ನೆರಡು ನಿಮಿಷದಲ್ಲಿ ನೀವೇ ನೋಡುತ್ತೀರಿ.

ಇದು ನನ್ನ ತೂಕದ ಮಷಿನ್. 72 ತೋರಿಸುತ್ತಿದೆ. ಬೆಳಿಗ್ಗೆ 71.4 ಇತ್ತು, ಬೇಕಾದರೆ ನಂಬಿ. ಇದೇ ಮಷಿನ್ ತೆಗೆದುಕೊಂಡು ಹೋಗಿ ಚಂದ್ರನ ಮೇಲಿಟ್ಟು ಹತ್ತಿ ನಿಂತರೆ 12ರ ಹತ್ತಿರ ಬರುತ್ತದೆ. ಆರನೇ ಒಂದು ಭಾಗ. "ಡಯಟ್ ಬಿಡಿ, ಚಂದ್ರನಿಗೆ ಹೋಗಿ" ಅನ್ನುವ ಜೋಕ್ ಈಗಲೇ ಟೈಪ್ ಮಾಡುತ್ತಿದ್ದೀರಿ ಅಲ್ವಾ? ದಯವಿಟ್ಟು ಬೇಡ. ಕೇಳಿ ಕೇಳಿ ಸಾಕಾಗಿದೆ. ಅಲ್ಲಿಗೆ ಹೋದರೂ ಪ್ಯಾಂಟಿನ ಸೈಜ್ ಅದೇ ಇರುತ್ತದೆ. ಹೊಟ್ಟೆ ಒಂದು ಗ್ರಾಮೂ ಕರಗಿರುವುದಿಲ್ಲ.

ತಪ್ಪು ಮಷಿನ್‌ದು. ಅದಕ್ಕೆ ಕೆಜಿ ಅಂದರೆ ಏನು ಅಂತಲೇ ಗೊತ್ತಿಲ್ಲ. ನಾನು ಎಷ್ಟು ಜೋರಾಗಿ ಅದುಮುತ್ತಿದ್ದೇನೆ ಅಂತ ನೋಡಿ, ಭೂಮಿಯ ಲೆಕ್ಕದಲ್ಲಿ ಒಂದು ನಂಬರ್ ಹಾಕುತ್ತದೆ, ಅಷ್ಟೇ. ಚಂದ್ರನ ಎಳೆತ ಕಮ್ಮಿ, ಅದುಮುವುದು ಕಮ್ಮಿ, ನಂಬರೂ ಕಮ್ಮಿ.

ಸರಿ, ಈ ಚೀಲ. ಒಂದೊಂದು ಲೀಟರಿನ ಆರು ನೀರಿನ ಬಾಟಲಿ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದ್ದೇನೆ, ಮುಳ್ಳು ಆರರ ಹತ್ತಿರ ನಿಂತಿದೆ. ಐದು ಬಾಟಲಿ ತೆಗೆದು ಒಂದನ್ನೇ ಬಿಟ್ಟು, "ನೋಡಿ, ಆರೂ ಬಾಟಲಿ ಚಂದ್ರನಲ್ಲಿ ಇಷ್ಟೇ ತೂಗುತ್ತವೆ" ಅಂತ ಹೇಳುವುದು ನನ್ನ ಪ್ಲಾನ್. ಚೆನ್ನಾಗಿತ್ತು ಪ್ಲಾನ್.

ಇಲ್ಲಿ ನೋಡಿ. ಚೀಲದ ಕಿವಿ ಕಿತ್ತು ಬಂತು.

ಆ ಕಿವಿಯ ಹೊಲಿಗೆ ಬಿಟ್ಟಿದ್ದು ನನಗೆ ಮೊದಲೇ ಗೊತ್ತಿತ್ತು. ಒಂದು ದಾರದ ಎಳೆ ನೇತಾಡುತ್ತಿತ್ತು. "ಒಂದು ಶಾಟ್ ತಾನೇ" ಅಂದುಕೊಂಡೆ. ಇನ್ನೊಮ್ಮೆ ಹಾಕುತ್ತೇನೆ, ನಿಧಾನವಾಗಿ. ಚೀಲ ನೇರವಾಗಿ ಬಲಗಾಲಿನ ಹೆಬ್ಬೆರಳಿನ ಮೇಲೆ. ಒಂದು ಬಾಟಲಿಯ ಮುಚ್ಚಳ ಹಾರಿ ನೀರೆಲ್ಲ ಟ್ರೈಪಾಡ್ ಬುಡಕ್ಕೆ. ನನ್ನ ಮುಖ ಮಸುಕು ಮಾಡಿದ್ದೇನೆ, ಆಗ ಆಡಿದ ಮಾತನ್ನೂ ಕತ್ತರಿಸಿದ್ದೇನೆ. ಉಗುರು ಈಗ ಬದನೆಕಾಯಿ ಬಣ್ಣಕ್ಕೆ ತಿರುಗಿದೆ.

ಐಸ್ ಇಟ್ಟುಕೊಂಡು ಕೂತಾಗ ಲೆಕ್ಕ ಹಾಕಿದೆ, ಬೇರೆ ಏನು ಮಾಡಲಿ? ಚೀಲ ಬಿದ್ದದ್ದು ಸುಮಾರು ಒಂದು ಮೀಟರ್ ಎತ್ತರದಿಂದ. ಇಲ್ಲಿ ಅದಕ್ಕೆ ಅರ್ಧ ಸೆಕೆಂಡೂ ಬೇಡ. ಚಂದ್ರನಲ್ಲಿ 1.1 ಸೆಕೆಂಡ್. ಕಾಲು ಹಿಂದಕ್ಕೆ ಎಳೆದುಕೊಳ್ಳಲು ಧಾರಾಳ ಸಮಯ! ಎಳೆದುಕೊಳ್ಳದಿದ್ದರೂ ಪೆಟ್ಟಿನ ಶಕ್ತಿ ಆರನೇ ಒಂದು ಭಾಗ. ಆದರೆ ಅದೇ ಚೀಲವನ್ನು ಯಾರಾದರೂ ಬೀಸಿ ಅಡ್ಡಕ್ಕೆ ಎಸೆದರು ಅಂದುಕೊಳ್ಳಿ. ವೇಗ ಒಂದೇ ಆಗಿದ್ದರೆ ಅಲ್ಲೂ ಇಲ್ಲಿಯಷ್ಟೇ ಏಟು. ಎತ್ತಲು ಹಗುರ, ತಡೆಯಲು ಹಗುರ ಅಲ್ಲ. ಒಳಗಿರುವ ಆರು ಕೆಜಿ ನೀರು ಎಲ್ಲೂ ಹೋಗಿಲ್ಲವಲ್ಲ. ದ್ರವ್ಯರಾಶಿ ಅಂತ ಪಾಠದಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ನನಗೆ ಅರ್ಥವಾಗಲು ಹೆಬ್ಬೆರಳು ಬೇಕಾಯಿತು.

ಗಗನಯಾತ್ರಿಗಳಿಗೂ ಇದೇ ಪಜೀತಿ. ಅಪೋಲೋ ಯಾನಗಳಲ್ಲಿ ಚಂದ್ರನ ಮೇಲೆ ಇಳಿದವರು ಹಾಕಿಕೊಂಡ ಸೂಟ್, ಬೆನ್ನಿನ ಪೆಟ್ಟಿಗೆ ಸೇರಿ, ಭೂಮಿಯಲ್ಲಿ ಸುಮಾರು 80 ಕೆಜಿ. ನನ್ನ 72 ಸೇರಿಸಿದರೆ 152. ಚಂದ್ರನಲ್ಲಿ ಅದು 25ರಷ್ಟು ತೂಗುತ್ತದೆ. ಆದರೆ ಓಡುತ್ತಾ ಓಡುತ್ತಾ ನಿಲ್ಲಬೇಕು ಅಂದರೆ 152 ಕೆಜಿಯನ್ನೂ ನಿಲ್ಲಿಸಬೇಕು. 1972ರಲ್ಲಿ ಅಪೋಲೋ 16ರ ಚಾರ್ಲ್ಸ್ ಡ್ಯೂಕ್ ಎಷ್ಟು ಎತ್ತರ ಹಾರಬಹುದು ಅಂತ ನೋಡಲು ಜಿಗಿದರು. ಬೆನ್ನಿನ ಭಾರ ಹಿಂದಕ್ಕೆ ಎಳೆದು, ಅಂಗಾತ ಬಿದ್ದರು. ಸೂಟ್ ಹರಿದಿದ್ದರೆ ಕಥೆ ಮುಗಿಯುತ್ತಿತ್ತು. ಪುಣ್ಯ, ಹರಿಯಲಿಲ್ಲ.

ನನಗೆ ಬಹಳ ದಿನ ಒಂದು ಅನುಮಾನ ಇತ್ತು. ಚಂದ್ರನಂಥವು 81 ಸೇರಿದರೆ ಒಂದು ಭೂಮಿಯಷ್ಟು ದ್ರವ್ಯರಾಶಿ. ಹಾಗಾದರೆ ನಾನು ಅಲ್ಲಿ ಒಂದು ಕೆಜಿಗಿಂತ ಕಮ್ಮಿ ಇರಬೇಕಿತ್ತು, 12 ಯಾಕೆ? ಚಂದ್ರ ಚಿಕ್ಕವನು ಅದಕ್ಕೆ. ಅವನ ನೆಲದಿಂದ ಕೇಂದ್ರಕ್ಕೆ 1,737 ಕಿಮೀ, ನಮ್ಮ ನೆಲದಿಂದ 6,371. ಹತ್ತಿರ ಹೋದಷ್ಟೂ ಎಳೆತ ಜಾಸ್ತಿ. ದೂರದ ವರ್ಗದ ಲೆಕ್ಕ, ಅಂದರೆ ದೂರ ಅರ್ಧ ಆದರೆ ಎಳೆತ ನಾಲ್ಕು ಪಟ್ಟು ಅನ್ನುವ ಲೆಕ್ಕ, ಹಾಕಿದರೆ 81ನೇ ಒಂದು ಭಾಗ ಅನ್ನುವುದು ಆರನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಭೂಮಿ ಮತ್ತು ಚಂದ್ರನನ್ನು ಪಕ್ಕಪಕ್ಕ ಇಟ್ಟ ಚಿತ್ರ ನೋಡಿದರೆ ಚಂದ್ರ ಎಷ್ಟು ಪುಟ್ಟ ಅಂತ... ಅಯ್ಯೋ, ಶಾಟ್ ಬದಲಾಯಿತು.

ಇದು ಬಟ್ಟೆ ಹ್ಯಾಂಗರ್. ಎರಡು ತುದಿಗೂ ಒಂದೊಂದು ಬಾಟಲಿ, ಈ ಸಲ ಗಟ್ಟಿ ದಾರ, ಕಾಲು ದೂರ. ಸಮ ನಿಂತಿದೆ. ಚಂದ್ರನಲ್ಲೂ ಹೀಗೇ ಸಮ ನಿಲ್ಲುತ್ತದೆ, ಎರಡೂ ಕಡೆ ಒಂದೇ ಸಮ ಹಗುರ ಆಗುತ್ತದಲ್ಲ. ಅದಕ್ಕೇ ಎರಡು ತಟ್ಟೆಯ ತಕ್ಕಡಿಯೇ ವಾಸಿ, ಈ ಸ್ಪ್ರಿಂಗ್ ತಕ್ಕಡಿ ಸುಳ್ಳುಗಾರ. ಅಲ್ಲ, ತಡೆಯಿರಿ, ಸುಳ್ಳುಗಾರ ಅನ್ನಬಾರದು. ಪಾಪ, ಅದು ಎಳೆತವನ್ನು ಸರಿಯಾಗಿಯೇ ಹೇಳುತ್ತದೆ. ಅದರ ಮೇಲೆ ಕೆಜಿ ಅಂತ ಬರೆದವರು ನಾವು.

ಇಲ್ಲಿ ನಾನು ಬಾಟಲಿಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದೇನೆ, ಒಂಟಿ ಕಾಲಲ್ಲಿ. ನಾಲ್ಕನೆಯದಕ್ಕೆ ಸುಸ್ತು. ಆ ಚಂದ್ರನ ಜೋಕ್ ಇದೆಯಲ್ಲ, ಬೇಕಾದರೆ ಹಾಕಿ, ಪರವಾಗಿಲ್ಲ. ಟ್ರೈಪಾಡ್ ಕೆಳಗೆ ಇನ್ನೂ ನೀರು ನಿಂತಿದೆ, ಒರೆಸಿ ಬರುತ್ತೇನೆ.