ಆರು ತಿಂಗಳಾದರೂ ಇಳಿಯದ ವೃಷಣ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಗಂಡು ಕೂಸಿರುವ ತಾಯಂದಿರು, ಅವರಿಗಿಂತಲೂ ಮುಖ್ಯವಾಗಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರು, ಇಂದಿನ ಮಾತನ್ನು ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ.

ಗಂಡು ಮಗುವಿನ ವೃಷಣಗಳು ಗರ್ಭದಲ್ಲಿ ಅದರ ಹೊಟ್ಟೆಯೊಳಗೆ ರೂಪುಗೊಂಡು, ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಹಾದಿಯಾಗಿ ಇಳಿದು ಕಾಲುಗಳ ನಡುವಿನ ಚರ್ಮದ ಚೀಲವನ್ನು ಸೇರುತ್ತವೆ. ದಿನ ತುಂಬಿ ಹುಟ್ಟಿದ 100 ಗಂಡು ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಒಂದೋ ಎರಡೋ ವೃಷಣ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಬಹುಪಾಲು ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳು ಕಳೆದರೂ ಇಳಿಯದಿದ್ದರೆ ಆಮೇಲೆ ಕಾಯುವುದರಲ್ಲಿ ಅರ್ಥವಿಲ್ಲ.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ಏಳು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದರು. ನೀರು ಹಾಕುವಾಗ ಚೀಲದ ಒಂದು ಬದಿ ಬರಿದಾಗಿರುವುದನ್ನು ಮೊದಲು ಕಂಡವರು ಅವರೇ. 14ನೇ ವಾರದ ಲಸಿಕೆಗೆ ಹೋದಾಗ ನರ್ಸಮ್ಮನನ್ನು ಕೇಳಿದ್ದರು. ಆರು ತಿಂಗಳಿಗೂ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಆಕೆ ಸರಿಯಾಗಿಯೇ ಹೇಳಿದ್ದರು. ಅಷ್ಟು ಚಿಕ್ಕ ಕೂಸಿಗೆ ಕತ್ತರಿ ಹಾಕಿಸುವುದೇ ಎಂದು ಮನೆಮಂದಿಯೆಲ್ಲ ತಡೆದರೂ ಅಜ್ಜಿ ಜಗ್ಗಲಿಲ್ಲ. ಕೂಸನ್ನು ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಅವರು ಬಾಗಿಲ ಬಳಿ ನಿಂತಿದ್ದ ಇನ್ನೊಬ್ಬ ಹುಡುಗನನ್ನು ಮುಂದಕ್ಕೆ ಕರೆದರು. ಅವನು ಹಿರಿಯ ಮಗನ ಮಗ, ಐದು ವರ್ಷದವನು. ಅವನಿಗೂ ಅದೇ ತೊಂದರೆ. ತಾನಾಗಿ ಇಳಿಯುತ್ತದೆ, ಕಾಯಿರಿ ಎಂದು ಯಾರೋ ಹೇಳಿದ್ದನ್ನು ನಂಬಿ ಅವನ ತಾಯಿ ಕಾದಿದ್ದರು. ಇಬ್ಬರಿಗೂ ಶಸ್ತ್ರಚಿಕಿತ್ಸೆಯಾಯಿತು. ಚಿಕ್ಕವನ ವೃಷಣ ವಯಸ್ಸಿಗೆ ತಕ್ಕಂತಿತ್ತು. ದೊಡ್ಡವನದು ಮತ್ತೊಂದು ಬದಿಯದಕ್ಕಿಂತ ಸ್ಪಷ್ಟವಾಗಿ ಸಣ್ಣದಾಗಿತ್ತು. “ಸ್ವಾಮಿ, ಈ ಮಾತ್ನ ಆಗ್ಲೇ ಯಾರಾದ್ರೂ ಯೋಳಿದ್ರೆ ದೊಡ್ಡುನ್ನೂ ಕರ್ಕೊಬತ್ತಿದ್ನಲ್ಲಾ” ಎಂದರು ಅಜ್ಜಿ. ಅವರ ಮಾತು ನ್ಯಾಯವಾದದ್ದು. ಆ ಮಾತನ್ನು ನಿಮಗೆ ಈಗಲೇ ಹೇಳುತ್ತಿದ್ದೇನೆ: ಆರು ತಿಂಗಳು, ಅದರಾಚೆಗೆ ಕಾಯಬೇಡಿ.

ವೃಷಣಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು, ಅದು ಚೀಲದಲ್ಲಿ ಮಾತ್ರ ಸಿಗುತ್ತದೆ. ಮೇಲೆಯೇ ಉಳಿದರೆ ಮುಂದೆ ವೀರ್ಯಾಣುಗಳನ್ನು ಉಂಟುಮಾಡಬೇಕಾದ ಜೀವಕೋಶಗಳು ಎಳೆಯ ವಯಸ್ಸಿನಲ್ಲೇ ಕುಂದತೊಡಗುತ್ತವೆ. ಯೌವನದಲ್ಲಿ ಅದೇ ವೃಷಣದಲ್ಲಿ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚು. ಆದುದರಿಂದಲೇ ಆರು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮುಗಿದಿರಬೇಕು. ಅರಿವಳಿಕೆ ಕೊಟ್ಟು, ತೊಡೆಸಂದಿನಲ್ಲಿ ಸಣ್ಣದಾಗಿ ಕೊಯ್ದು, ರಕ್ತನಾಳಗಳಿಗೆ ಧಕ್ಕೆಯಾಗದಂತೆ ವೃಷಣವನ್ನು ಕೆಳಗೆ ತಂದು ಚೀಲದಲ್ಲಿ ನಿಲ್ಲಿಸುತ್ತಾರೆ; ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಕೈಗೆ ಸಿಗದಷ್ಟು ಮೇಲಿದ್ದರೆ ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ, ಹುಡುಕುತ್ತಾರೆ. ಎಣ್ಣೆ ನೀವುವುದರಿಂದ ಅದು ಇಳಿಯುವುದಿಲ್ಲ. ಸ್ಕ್ಯಾನಿಂಗ್ ವರದಿ ಕೈಗೆ ಬರಲಿ ಎಂದು ತಿಂಗಳುಗಟ್ಟಲೆ ತಡಮಾಡುವುದನ್ನು ದಯವಿಟ್ಟು ಬಿಡಿ, ವೈದ್ಯರ ಕೈಯೇ ಸಾಕು.

ಮನೆಯಲ್ಲಿ ನೋಡುವುದಾದರೆ ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ನೋಡಿ, ಏಕೆಂದರೆ ಚಳಿಗೆ ಸರಿಯಾದ ವೃಷಣವೂ ಮೇಲೇರುತ್ತದೆ. ಬಿಸಿನೀರಿನಲ್ಲಿ ಕೆಳಗಿಳಿದು ನಿಲ್ಲುವುದಾದರೆ ಶಸ್ತ್ರಚಿಕಿತ್ಸೆ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿಗೆ ಮೊದಲು ಹೋಗಬಹುದು. ಹುಟ್ಟಿದಾಗಲೇ ಎರಡೂ ಬದಿಯ ವೃಷಣ ಕೈಗೆ ಸಿಗದಿದ್ದರೆ ಮಾತ್ರ ಆರು ತಿಂಗಳೂ ಕಾಯದೆ, ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ.