ಹಳೆಯ ಬರಹಗಳು ಹೊಸ ವೇಷದಲ್ಲಿ ಬಂದ ಬೆಳಿಗ್ಗೆ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನನ್ನ ಜಾಲತಾಣದ ವಿಳಾಸವನ್ನು ಎಚ್‌ಟಿಟಿಪಿಯಿಂದ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿ ಮಲಗಿದೆ. ಸೇರಿದ್ದು ಒಂದೇ ಅಕ್ಷರ. ಬೆಳಿಗ್ಗೆ ಸ್ನೇಹಿತರೊಬ್ಬರ ಫೋನ್: "ಏನು, ರಾತ್ರಿಯಿಡೀ ಕುಳಿತು 20 ಲೇಖನ ಬರೆದಿರಾ?" ನಾನು ಒಂದು ಸಾಲೂ ಬರೆದಿರಲಿಲ್ಲ. ಹಳೆಯ ಬರಹಗಳೇ ಹೊಸದರ ವೇಷ ತೊಟ್ಟು ಅವರ ಫೀಡ್ ರೀಡರಿನಲ್ಲಿ, ಅಂದರೆ ಮೆಚ್ಚಿನ ತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುವ ತಂತ್ರಾಂಶದಲ್ಲಿ, ಸಾಲಾಗಿ ಬಂದು ಕುಳಿತಿದ್ದವು.

ಆರ್‌ಎಸ್‌ಎಸ್ ಫೀಡ್ ಎಂದರೆ ಏನೆಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ಬೆಳಿಗ್ಗೆ. ಅದು ಯಂತ್ರಗಳು ಓದುವ ಎಕ್ಸ್‌ಎಮ್‌ಎಲ್ ಎಂಬ ಗುರುತು ಭಾಷೆಯಲ್ಲಿ ಬರೆದಿಟ್ಟ ಒಂದು ಕಡತ, ಅಷ್ಟೇ. ನಿಮ್ಮ ಇತ್ತೀಚಿನ ಬರಹಗಳ ಪಟ್ಟಿ ಅದರಲ್ಲಿರುತ್ತದೆ. ಫೀಡ್ ಯಾರ ಬಾಗಿಲಿಗೂ ಹೋಗುವುದಿಲ್ಲ. ಓದುಗರ ರೀಡರ್ ತಂತ್ರಾಂಶವೇ ಆಗಾಗ ಬಂದು, ಹೊಸದೇನಿದೆ ಎಂದು ನೋಡಿಕೊಂಡು ಹೋಗುತ್ತದೆ. ಓದುಗರು ಹೆಸರು ಕೊಡಬೇಕಾಗಿಲ್ಲ, ಇಮೇಲ್ ಕೊಡಬೇಕಾಗಿಲ್ಲ. ಯಾರು ಓದುತ್ತಿದ್ದಾರೆಂದು ನಿಮಗೂ ತಿಳಿಯುವುದಿಲ್ಲ. ಈ ಮರೆಯೇ ನನಗೆ ಇಷ್ಟ.

ಇದು 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 2.0 ಆವೃತ್ತಿ 2002ರದು. 2013ರ ಜುಲೈ 1ರಂದು ಗೂಗಲ್ ತನ್ನ ಫೀಡ್ ರೀಡರ್ ಆದ ಗೂಗಲ್ ರೀಡರನ್ನು ಮುಚ್ಚಿದಾಗ ಆರ್‌ಎಸ್‌ಎಸ್ ಕಥೆ ಮುಗಿಯಿತೆಂದು ಅನೇಕರು ಬರೆದರು. ಆದರೆ ಪಾಡ್‌ಕಾಸ್ಟ್‌ಗಳು ಕೇಳುಗರ ಮೊಬೈಲಿಗೆ ತಲುಪುತ್ತಿರುವುದು ಈಗಲೂ ಇದೇ ಕಡತದ ಬೆನ್ನೇರಿ. ಬಾನುಲಿಯಲ್ಲಿ ಕುಳಿತು ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯೆನಿಸುತ್ತದೆ.

ಫೀಡ್ ಇಡುವುದು ಕಷ್ಟವಲ್ಲ. ತಾಣ ನಡೆಸಲು ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರಿಗೆ ಅದು ಆಗಲೇ ಇದೆ. ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಫೀಡ್' ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು. ತಾಣ ಕಟ್ಟುವ ಇತರ ಸಾಧನಗಳಾದ ಬ್ಲಾಗರ್, ಹ್ಯೂಗೋಗಳಲ್ಲಿಯೂ ತಾನಾಗಿಯೇ ಸಿದ್ಧವಾಗುತ್ತದೆ. ಪುಟದ ತಲೆಭಾಗದಲ್ಲಿ ಫೀಡಿನ ವಿಳಾಸ ಹೇಳುವ ಒಂದು ಲಿಂಕ್ ಸಾಲು ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಅದಿದ್ದರೆ ಓದುಗರು ತಾಣದ ವಿಳಾಸ ಕೊಟ್ಟರೂ ರೀಡರ್ ಫೀಡನ್ನು ತಾನೇ ಹುಡುಕಿಕೊಳ್ಳುತ್ತದೆ.

ಪಾಡು ಶುರುವಾಗುವುದು ನಿರ್ವಹಣೆಯಲ್ಲಿ. ಫೀಡಿನ ಪ್ರತಿ ಬರಹಕ್ಕೂ ಶೀರ್ಷಿಕೆ, ಕೊಂಡಿ, ದಿನಾಂಕ, ವಿವರಣೆ ಇರುತ್ತವೆ. ಇವುಗಳ ಜೊತೆಗೆ ಗುಯಿಡ್ ಎಂಬ ಗುರುತಿನ ಸಂಕೇತ. ಶೀರ್ಷಿಕೆ ತಿದ್ದಿ, ಒಳಗಿನ ಮಾತನ್ನೆಲ್ಲ ತಿರುಗಿಸಿ ಬರೆಯಿರಿ, ಗುಯಿಡ್ ಅದೇ ಇದ್ದರೆ ಒಳ್ಳೆಯ ರೀಡರ್ ಅದನ್ನು ಅದೇ ಬರಹವೆಂದೇ ಎಣಿಸುತ್ತದೆ. ಗುಯಿಡ್ ಬದಲಾದರೆ ಹಳೆಯದೂ ಹೊಸ ಹುಟ್ಟು. ನನ್ನ ಫೀಡನ್ನು ನಾನೇ ಬರೆದ ಪುಟ್ಟ ಪ್ರೋಗ್ರಾಮ್ ತಯಾರಿಸುತ್ತಿತ್ತು. ಬರಹದ ಕೊಂಡಿಯನ್ನೇ ಅದು ಗುಯಿಡ್ ಆಗಿ ಬಳಸುತ್ತಿತ್ತು. ಕೊಂಡಿಗೆ ಒಂದಕ್ಷರ ಸೇರಿತು, 20 ಬರಹಗಳ ಜಾತಕವೂ ಬದಲಾಯಿತು. ವರ್ಡ್‌ಪ್ರೆಸ್ ಈ ವಿಷಯದಲ್ಲಿ ಜಾಣ: ಬರಹ ಹುಟ್ಟಿದಾಗ ಕೊಟ್ಟ ಗುಯಿಡನ್ನು ದತ್ತಸಂಚಯದಲ್ಲಿ ಬೇರೆಯಾಗಿಯೇ ಇಟ್ಟಿರುತ್ತದೆ. ತಾಣವನ್ನು ಬೇರೆಡೆಗೆ ಸಾಗಿಸುವಾಗ ಹಳೆಯ ವಿಳಾಸವನ್ನೆಲ್ಲ ಹುಡುಕಿ ಬದಲಿಸುವ ಉತ್ಸಾಹದಲ್ಲಿ ಅದಕ್ಕೂ ಕೈ ಹಾಕಬೇಡಿ. ಫೀಡಿನ ವಿಳಾಸವೇ ಬದಲಾದರೆ, ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಕೊಟ್ಟು, ಅದನ್ನು ವರ್ಷಗಟ್ಟಲೆ ಹಾಗೆಯೇ ಬಿಡಿ.

ಇನ್ನೊಂದು ಪೆಟ್ಟು ಬಿದ್ದದ್ದು ದಿನಾಂಕದಿಂದ. ಕನ್ನಡದ ತಾಣ, ಎಲ್ಲವೂ ಕನ್ನಡದಲ್ಲಿರಲಿ ಎಂದು ತಿಂಗಳ ಹೆಸರನ್ನೂ ಕನ್ನಡಕ್ಕೆ ತಿರುಗಿಸಿದೆ. ಆರ್‌ಎಸ್‌ಎಸ್ ದಿನಾಂಕದಲ್ಲಿ ತಿಂಗಳು ಇಂಗ್ಲಿಷಿನ ಮೂರಕ್ಷರದಲ್ಲಿಯೇ ಇರಬೇಕೆಂಬುದು ನಿಯಮ. ಅದು ಯಂತ್ರಕ್ಕೆ ಬರೆದ ಸಾಲು, ಅಲ್ಲಿ ಭಾಷಾಭಿಮಾನ ನಡೆಯುವುದಿಲ್ಲ. ಕೆಲವು ರೀಡರ್‌ಗಳು ನನ್ನ ಬರಹಗಳನ್ನು ಎಲ್ಲೆಲ್ಲಿಯೋ ಜೋಡಿಸಿದವು.

ಶೀರ್ಷಿಕೆಯಲ್ಲಿ 'ಮತ್ತು' ಎಂದು ಬರೆಯುವ ಬದಲು ಆಂಪರ್ಸೆಂಡ್ ಚಿಹ್ನೆ ಹಾಕುವವರೂ ಎಚ್ಚರವಾಗಿರಬೇಕು. ಎಚ್‌ಟಿಎಮ್‌ಎಲ್ ಪುಟದಲ್ಲಿ ಬ್ರೌಸರ್ ಇಂಥದ್ದನ್ನು ಕ್ಷಮಿಸುತ್ತದೆ. ಎಕ್ಸ್‌ಎಮ್‌ಎಲ್‌ಗೆ ಕ್ಷಮೆ ಗೊತ್ತಿಲ್ಲ. ಆ ಚಿಹ್ನೆಯನ್ನು ಸಂಕೇತಕ್ಕೆ ಬದಲಿಸದೆ ಹಾಗೆಯೇ ಬಿಟ್ಟರೆ ಇಡೀ ಫೀಡ್ ಕೆಟ್ಟು ನಿಲ್ಲಬಹುದು. ನಿಂತದ್ದು ನಿಮಗೆ ಗೊತ್ತಾಗುವುದೂ ಇಲ್ಲ, ಏಕೆಂದರೆ ತಾಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆಯ ಉಚಿತ ಫೀಡ್ ಪರೀಕ್ಷಕಕ್ಕೆ ವಿಳಾಸ ಕೊಟ್ಟರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಅದು ಹೇಳುತ್ತದೆ.

ಪೂರ್ಣ ಬರಹ ಕೊಡಬೇಕೇ, ಸಾರಾಂಶವೇ ಎಂದು ಕೇಳುವವರಿದ್ದಾರೆ. ಪೂರ್ಣವಾಗಿ ಕೊಡಿ. ಎರಡು ಸಾಲು ತೋರಿಸಿ ಉಳಿದದ್ದಕ್ಕೆ ಬಾಗಿಲಿಗೆ ಬಾ ಎನ್ನುವುದು ನನಗೆ ಜಿಪುಣತನವಾಗಿ ಕಾಣುತ್ತದೆ. ಫೀಡಿನಲ್ಲಿ ಎಷ್ಟು ಬರಹ ಇರಬೇಕೆಂಬುದು ನಿಮ್ಮ ವೇಗಕ್ಕೆ ಬಿಟ್ಟದ್ದು. ವರ್ಡ್‌ಪ್ರೆಸ್ ತಾನಾಗಿ 10 ಇಡುತ್ತದೆ. ಒಂದೇ ದಿನ 15 ಪ್ರಕಟಿಸಿದರೆ, ದಿನಕ್ಕೊಮ್ಮೆ ಬರುವ ರೀಡರಿಗೆ 5 ಸಿಗುವುದೇ ಇಲ್ಲ. ಸರ್ವರ್ 304 ಎಂಬ ಉತ್ತರ ಕೊಡುವಂತೆಯೂ ನೋಡಿಕೊಳ್ಳಿ. ಕಳೆದ ಸಲ ನೋಡಿದ ಮೇಲೆ ಏನೂ ಬದಲಾಗಿಲ್ಲ ಎಂಬುದು ಅದರ ಅರ್ಥ. ಇಡೀ ಕಡತವನ್ನು ಮತ್ತೆ ಮತ್ತೆ ಕಳುಹಿಸುವ ಹೊರೆ ತಪ್ಪುತ್ತದೆ.

ಈಗ ನನ್ನ ಫೀಡಿಗೆ ನಾನೂ ಚಂದಾದಾರ. ಪ್ರಕಟಿಸಿದ ಬರಹ ನನ್ನ ಮೊಬೈಲಿನ ರೀಡರಿನಲ್ಲಿ ಕಾಣುವವರೆಗೆ ಕೆಲಸ ಮುಗಿಯಿತೆಂದು ಎಣಿಸುವುದಿಲ್ಲ.

ಆ ಸ್ನೇಹಿತರು ಅಂದು 19 ಬರಹಗಳಿಗೆ 'ಓದಿದ್ದು' ಎಂದು ಗುರುತು ಹಾಕಿದರಂತೆ. ಉಳಿದ ಒಂದನ್ನು ಮತ್ತೆ ಓದಿ, ಅದರಲ್ಲಿದ್ದ ಕಾಗುಣಿತದ ತಪ್ಪನ್ನು ತೋರಿಸಿದರು. ತಿದ್ದಿದೆ. ಗುಯಿಡನ್ನು ಮುಟ್ಟಲಿಲ್ಲ. ಮರುದಿನ ಅವರ ಫೋನ್ ಬರಲಿಲ್ಲ.

ನಮಸ್ಕಾರ.