ಕವರತ್ತಿಯ ಕುಡಿಯುವ ನೀರಿಗೆ ಡೀಸೆಲ್ ಯಾಕೆ?

ನಮಸ್ಕಾರ. ಲಕ್ಷದ್ವೀಪದ ರಾಜಧಾನಿ ಕವರತ್ತಿಯ ಬೀಚ್ ವಿಡಿಯೋಗಳು ನೀವು ಬೇಕಾದಷ್ಟು ನೋಡಿರುತ್ತೀರಿ. ಇವತ್ತು ನಾನು ತೋರಿಸುವುದು ಒಂದು ಪೈಪ್, ಇಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕದ್ದು.

ಸ್ವಲ್ಪ ಹತ್ತಿರದಿಂದ ನೋಡಿ. ಮೈತುಂಬ ಹನಿ. ಸೋರುತ್ತಿಲ್ಲ, ಬೆವರುತ್ತಿದೆ. ಹೊರಗೆ ವಿಪರೀತ ಸೆಕೆ, ಒಳಗೆ 12-13 ಡಿಗ್ರಿಯ ನೀರು. ಈ ತಣ್ಣೀರು ಬರುವುದು ಸುಮಾರು 350 ಮೀಟರ್ ಆಳದಿಂದ. ಲಕ್ಷದ್ವೀಪದಲ್ಲಿ ಹವಳದ ದಿಬ್ಬ ಮುಗಿಯಿತೋ ಇಲ್ಲವೋ, ಸಮುದ್ರ ಒಮ್ಮೆಲೇ ಆಳವಾಗುತ್ತದೆ. ನಮ್ಮ ಮಂಗಳೂರಲ್ಲಾದರೆ ಇಷ್ಟು ಆಳಕ್ಕೆ ದಂಡೆಯಿಂದ ಹತ್ತಾರು ಕಿಲೋಮೀಟರ್ ಹೋಗಬೇಕು.

ಮೇಲಿನ ಸಮುದ್ರದ ನೀರು 28 ಡಿಗ್ರಿ ಇರುತ್ತದೆ. ಅದನ್ನು ಗಾಳಿ ಹೀರಿ ತೆಗೆದ ದೊಡ್ಡ ತೊಟ್ಟಿಯೊಳಗೆ ಬಿಡುತ್ತಾರೆ. ಕುಕ್ಕರ್‌ನಲ್ಲಿ ಒತ್ತಡ ಜಾಸ್ತಿ, ಅದಕ್ಕೇ ನೀರು ಕುದಿಯಲು ನೂರು ಡಿಗ್ರಿ ಸಾಲುವುದಿಲ್ಲ ಅಲ್ವಾ? ಇಲ್ಲಿ ಅದರ ಉಲ್ಟಾ. ಒತ್ತಡ ಎಷ್ಟು ಕಡಿಮೆ ಎಂದರೆ 28 ಡಿಗ್ರಿಯ ನೀರೂ ಆವಿಯಾಗುತ್ತದೆ. ಆ ಆವಿಗೆ ಆಳದ ತಣ್ಣೀರಿನ ಪೈಪ್ ತಾಗಿಸಿದರೆ ಸಿಹಿನೀರು. ಕುಡಿದು ನೋಡಿದೆ. ಸ್ವಲ್ಪ ಸಪ್ಪೆ, ಅಷ್ಟೇ.

ನೂರು ಲೀಟರ್ ಒಳಗೆ ಹೋದರೆ ಹೆಚ್ಚುಕಡಿಮೆ ಒಂದು ಲೀಟರ್ ಮಾತ್ರ ಆವಿಯಾಗುತ್ತದೆ. ಹಾಗಾಗಿ ವಾಪಸ್ ಬಿಡುವ ನೀರಿಗೆ ಉಪ್ಪು ಏರುವುದೇ ಇಲ್ಲ ಎನ್ನಬಹುದು. ಪೊರೆಯ ಮೂಲಕ ನೀರು ಸೋಸುವ ಆರ್‌ಒ ಆದರೆ ಉಳಿಯುವ ಗಾಢ ಉಪ್ಪುನೀರನ್ನು ಎಲ್ಲಾದರೂ ಚೆಲ್ಲಬೇಕು. ಸುತ್ತ ಹವಳ ಇರುವ ಊರಲ್ಲಿ ಅದು ಸಣ್ಣ ವಿಷಯ ಅಲ್ಲ.

ಚೆನ್ನೈನ ಎನ್‌ಐಒಟಿ, ಅಂದರೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, 2005ರಲ್ಲಿ ಇದನ್ನು ಇಲ್ಲಿ ಶುರು ಮಾಡಿತು. ದಿನಕ್ಕೆ 1 ಲಕ್ಷ ಲೀಟರ್. ಆಮೇಲೆ ಲಕ್ಷದ್ವೀಪದ ಬೇರೆ ದ್ವೀಪಗಳಾದ ಮಿನಿಕಾಯ್, ಅಗತ್ತಿಗೂ ಬಂತು. ಕಡಮತ್‌ನಲ್ಲಿ ಒಂದೂವರೆ ಲಕ್ಷ ಲೀಟರ್‌ನದು. ಅಂದಹಾಗೆ ಈ ಕಡಮತ್, ಅಮಿನಿ, ಕಿಲ್ತಾನ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನನಗೆ ಮೊದಲು ಗೊತ್ತಿರಲಿಲ್ಲ!

ಇಲ್ಲಿ ಬಾವಿ ಇಲ್ಲ ಅಂತಲ್ಲ, ಇದೆ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಮೋಟಾರ್ ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬಂತು.

ಸರಿ, ಸಮುದ್ರವೇ ಬಿಸಿ ಕೊಡುತ್ತದೆ, ಸಮುದ್ರವೇ ತಂಪು ಕೊಡುತ್ತದೆ. ಆದರೆ ಪಂಪ್ ತಿರುಗಲು, ಗಾಳಿ ಹೀರಲು ಕರೆಂಟ್ ಬೇಕಲ್ಲ? ಅದು ಬರುವುದು ಬಹುಮಟ್ಟಿಗೆ ಡೀಸೆಲ್ ಜನರೇಟರ್‌ನಿಂದ. ಡೀಸೆಲ್ ಬರುವುದು ಕೇರಳದಿಂದ, ಸಮುದ್ರ ದಾಟಿ. ನನ್ನ ತಕರಾರು ಇಷ್ಟೇ: ನೀರಿನ ಸಮಸ್ಯೆ ಬಗೆಹರಿದಿಲ್ಲ, ಡೀಸೆಲ್ ಡ್ರಮ್ಮಿನೊಳಗೆ ಹೋಗಿ ಕೂತಿದೆ.

ಇದಕ್ಕೆ ಎನ್‌ಐಒಟಿ ಹಿಡಿದಿರುವ ದಾರಿ ಒಟೆಕ್, ಅಂದರೆ ಸಮುದ್ರದ ಮೇಲಿನ ಬಿಸಿನೀರು, ಆಳದ ತಣ್ಣೀರು ಇವುಗಳ ಉಷ್ಣತೆಯ ವ್ಯತ್ಯಾಸದಿಂದ ಕರೆಂಟ್ ತೆಗೆಯುವುದು. ಅದೇ ಆವಿ ತಣ್ಣಗಾಗುವ ಮೊದಲು ಒಂದು ಟರ್ಬೈನ್ ತಿರುಗಿಸಬೇಕು. ಕವರತ್ತಿಗೆ ಅಂತ ರೂಪಿಸಿರುವುದು 65 ಕಿಲೋವ್ಯಾಟ್‌ನದು, ನೀರಿನ ಘಟಕಕ್ಕೆ ಬೇಕಾದ ಕರೆಂಟ್ ಅದರಿಂದಲೇ ಬರಲಿ ಅಂತ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಇನ್ನೂ ತಣ್ಣನೆಯ ನೀರು ಬೇಕು, ಅಂದರೆ ಸುಮಾರು ಸಾವಿರ ಮೀಟರ್ ಆಳದ್ದು. ಹಿಂದೆ ತಮಿಳುನಾಡಿನ ತೂತ್ತುಕುಡಿ ಆಚೆ ಸಮುದ್ರದಲ್ಲಿ 1 ಮೆಗಾವ್ಯಾಟ್‌ನ ಪ್ರಯತ್ನ ಆಗಿತ್ತು. ಅಲ್ಲಿ ಕೈಕೊಟ್ಟಿದ್ದೂ ಆಳಕ್ಕೆ ಇಳಿಸಬೇಕಿದ್ದ ಉದ್ದನೆಯ ಪೈಪೇ. 1979ರಲ್ಲಿ ಹವಾಯಿಯಲ್ಲಿ ಒಟೆಕ್‌ನಿಂದ 50 ಕಿಲೋವ್ಯಾಟ್ ಹುಟ್ಟಿಸಿದರು, ಅದರ ಬಹುಪಾಲನ್ನು ಪಂಪುಗಳೇ ತಿಂದವು.

ಹಾಗಾದರೆ ಸೋಲಾರ್? 2024ರಲ್ಲಿ ಕವರತ್ತಿಯಲ್ಲಿ ಬ್ಯಾಟರಿ ಇರುವ ಸೋಲಾರ್ ಘಟಕ ಉದ್ಘಾಟನೆಯಾಯಿತು. ಎಲ್ಲರೂ ಕೇಳುವುದು ಜಾಗ ಎಲ್ಲಿ, ರಾತ್ರಿ ಏನು ಮಾಡುವುದು ಅಂತ. ಜಾಗದ ಪ್ರಶ್ನೆ ನಿಜ. ಇಡೀ ದ್ವೀಪವೇ ನಾಲ್ಕು ಚದರ ಕಿಲೋಮೀಟರ್ ಆಸುಪಾಸು, ಅದರ ತುಂಬ ತೆಂಗು. ರಾತ್ರಿಯ ಪ್ರಶ್ನೆಗೆ ಮಾತ್ರ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನೀರಿಗೆ ಬ್ಯಾಟರಿ ಯಾಕೆ? ಬಿಸಿಲಿದ್ದಾಗ ಪಂಪ್ ಜೋರಾಗಿ ಓಡಿಸಿ, ಟ್ಯಾಂಕ್ ತುಂಬಿಸಿ ಇಟ್ಟುಕೊಂಡರಾಯಿತು. ಮಳೆಗಾಲದಲ್ಲಿ ಬಿಸಿಲು ಕಡಿಮೆ ನಿಜ, ಆದರೆ ಆಗ ಸೂರಿನಿಂದಲೇ ಸಿಹಿನೀರು ಸುರಿಯುತ್ತದೆ. ಕಷ್ಟದ ತಿಂಗಳು ಬೇಸಿಗೆ, ಬಿಸಿಲು ಜಾಸ್ತಿ ಇರುವುದೂ ಆಗಲೇ.

ಒಂದು ಅಡ್ಡಿ ಇದೆ. ಇಂಥ ಯಂತ್ರಗಳಿಗೆ ದಿನಾ ನಿಲ್ಲಿಸಿ ಶುರು ಮಾಡುವುದು ಒಗ್ಗುವುದಿಲ್ಲ. ತೊಟ್ಟಿಯ ಗಾಳಿಯನ್ನು ಮತ್ತೆ ಹೀರಿ ಹದಕ್ಕೆ ತರಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಡೀಸೆಲ್ ಒಂದೇ ಸಲ ಹೋಗುವುದಿಲ್ಲ. ಹಗಲು ಸೋಲಾರ್, ರಾತ್ರಿ ನಿಧಾನಕ್ಕೆ ಡೀಸೆಲ್. ಸದ್ಯಕ್ಕೆ ಅಷ್ಟಾದರೂ ಆಗಲಿ. ಒಟೆಕ್ ಬಂದಾಗ ಬರಲಿ.